ಎರಡು ಒಲೆಯ ಮನೆ

ಕಳಸದ ನಮ್ಮ ಮನೆಯಲ್ಲಿ ಎರಡು ಒಲೆಗಳಿದ್ದವು. ಅಡುಗೆಮನೆಯದು ನನ್ನ ಹೆಂಡತಿಯದು. ಅಲ್ಲಿ ಗ್ಯಾಸು ಬಂದು ಬಹಳ ವರ್ಷಗಳಾಗಿದ್ದವು. ಹಿಂದಿನ ಕೋಣೆಯಲ್ಲಿದ್ದ ಮಣ್ಣಿನ ಒಲೆ ನನ್ನ ಅಕ್ಕನದು. ಎಳೆಯ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ ಅಕ್ಕ, ಗುರುಗಳ ಸನ್ನಿಧಿಯಲ್ಲಿ ಮಡಿಯ ವ್ರತವನ್ನು ಸ್ವೀಕರಿಸಿದ್ದಳು. ಅಂದಿನಿಂದ ತನ್ನ ಅನ್ನವನ್ನು ತಾನೇ ಬೇಯಿಸಿ, ಶಿವನಿಗೆ ನಿವೇದಿಸಿ, ಒಬ್ಬಳೇ ಕುಳಿತು ಉಣ್ಣುತ್ತಿದ್ದಳು. ಅಕ್ಕಿ ಮನೆಯದು, ಸೌದೆ ತೋಟದ ಮರಗಸಿಯಲ್ಲಿ ಕಡಿದ ಕೊಂಬೆಗಳದು. ಇದು ಎರಡು ಮನೆಯೆಂದು ನಮಗಾರಿಗೂ ಎಂದೂ ತೋರಿರಲಿಲ್ಲ.

ನಾನು ಮೂಡಿಗೆರೆಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರವನ್ನು ಬೋಧಿಸಿ ನಿವೃತ್ತನಾದವನು. ಸಮೀಕ್ಷೆಯ ಪಾಠವನ್ನು ಆರಂಭಿಸುವಾಗ ಪ್ರತಿವರ್ಷವೂ ಕುಟುಂಬವೆಂದರೇನು ಎಂಬುದನ್ನು ಮೊದಲು ಹೇಳುತ್ತಿದ್ದೆ: ಒಂದೇ ಒಲೆಯ ಅನ್ನವನ್ನು ಉಣ್ಣುವವರು ಒಂದು ಕುಟುಂಬ; ಸೂರು ಒಂದೇ ಆದರೂ ಒಲೆ ಬೇರೆಯಾದರೆ ಕುಟುಂಬವೂ ಬೇರೆ. ರಕ್ತವನ್ನು ಬಿಟ್ಟು ಅನ್ನವನ್ನು ಪ್ರಮಾಣವಾಗಿ ಹಿಡಿದ ಈ ಮಾತು ನನಗೆ ಶ್ರುತಿಸಮ್ಮತವೆಂದೇ ತೋರುತ್ತಿತ್ತು.

ಈಚೆಗೆ, ಈಗ ತಾನೂ ಅಧ್ಯಾಪಕಿಯಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮ ಸೀಮೆಯ ಕುಟುಂಬಗಳ ವಯಸ್ಸು, ಉದ್ಯೋಗ, ಆದಾಯಗಳ ಸಮೀಕ್ಷೆಯನ್ನು ಕೈಗೊಂಡಳು. ಚೀಟಿಯೆತ್ತಿ ಆರಿಸಿದ ಮನೆಗಳಲ್ಲಿ ದೈವಯೋಗದಿಂದ ನಮ್ಮದೂ ಒಂದಾಗಿತ್ತು. ಅವಳು ಬಂದಾಗ ಅಂಗಳದಲ್ಲಿ ಕಾಫಿ ಒಣಗುತ್ತಿತ್ತು; ಹಣ್ಣನ್ನು ತುಳಿಯದಂತೆ ಸೆರಗು ಹಿಡಿದು, ಅಂಚಿನಲ್ಲೇ ನಡೆದು ಜಗಲಿಗೆ ಬಂದಳು.

“ಇಲ್ಲಿ ಎಷ್ಟು ಜನ ಒಟ್ಟಿಗೆ ಊಟ ಮಾಡ್ತೀರಿ ಸರ್?”

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಬಾಗಿಲಿಗೆ ಬಂದು, “ಗಂಡ ಹೆಂಡ್ತಿ ಒಟ್ಟಿಗೆ. ನಂದು ಬೇರೆ ಒಲೆ ಮಾರಾಯ್ತಿ” ಎಂದಳು. ಅವಳು ಸುಳ್ಳನ್ನರಿಯದವಳು.

ವಿದ್ಯಾರ್ಥಿನಿ ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ.

“ಹಾಗಾದ್ರೆ ಅಮ್ಮಾ, ನಿಮ್ಮದು ಬೇರೆ ಮನೆ ಅಂತ ಬರ್ಕೊಳ್ತೀನಿ. ಅದಕ್ಕೆ ಯಜಮಾನ್ತಿ ನೀವೇ.”

“ಅಯ್ಯೋ, ಹಲ್ಲೆಲ್ಲ ಬಿದ್ಮೇಲೆ ಯಜಮಾನಿಕೆ ಬಂತಾ!” ಅಕ್ಕ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. “ನೋಡೋ, ಇನ್ಮೇಲೆ ನನ್ನ ಕೋಣೆಗೆ ಬರ್ಬೇಕಾದ್ರೆ ಕೇಳ್ಕಂಡು ಬಾ.”

“ಆದಾಯ ಎಂತ ಉಂಟಮ್ಮ?”

“ನಂಗೆಂತ ಆದಾಯ? ಬೇಕಾದ್ದು ಕೊಡೋಕೆ ತಮ್ಮ ಇದ್ದಾನಲ್ಲ.”

“ಸರಿ, ಅದನ್ನ ‘ಬೇರೆ ಮನೆಯವರ ನೆರವು’ ಅಂತ ಹಾಕ್ತೀನಿ.”

ಅಕ್ಕನ ನಗು ಅಲ್ಲಿಗೆ ನಿಂತಿತು. “ಬೇರೆ ಮನೆಯವನಾ?” ಎಂದು ಅವಳು ಕೇಳಿದ್ದು ನನ್ನನ್ನು. “ಒಲೆ ಬೇರೆ ಇದ್ರೆ ಮನೆನೂ ಬೇರೆ ಆಗ್ತದೇನೋ?”

“ಅದು ಲೆಕ್ಕಕ್ಕೆ ಮಾತ್ರ ಅಕ್ಕ” ಎಂದೆ. ಅವಳು ತನ್ನ ಕೋಣೆಗೆ ಹೋದಳು.

ಕಾಫಿ ಗಿಡಗಳನ್ನು ಹೂ ಬಿಡಿಸುವ ಬೇಸಿಗೆಯ ಮಳೆ ಬೀಳುವ ಹೊತ್ತಿಗೆ ಮಾಹಿತಿಯೆಲ್ಲ ಒಟ್ಟಾಗಿ, ಕೋಷ್ಟಕಗಳನ್ನು ಒಮ್ಮೆ ನೋಡಿಕೊಡಬೇಕೆಂದು ವಿದ್ಯಾರ್ಥಿನಿ ಕರೆಕಳುಹಿಸಿದಳು. ನಾನು ಮೂಡಿಗೆರೆಯ ಬಸ್ಸಿಗೆ ಹೊರಟಾಗ ಅಕ್ಕ ಮೆಟ್ಟಿಲವರೆಗೆ ಬಂದಳು.

“ಅವಳಿಗೆ ಹೇಳಿ ಅದೊಂದನ್ನ ಸರಿ ಮಾಡ್ಸು ಮಾರಾಯ. ಈ ಮನೇಲಿ ಹುಟ್ಟಿದವಳು ನಾನು. ಸಾಯೋ ಹೊತ್ತಿಗೆ ಬೇರೆ ಮನೆಯವಳು ಅನ್ನಿಸ್ಕೊಳ್ಳೋದು ಬೇಡ.”

ಆ ದಿನವಿಡೀ ವಿದ್ಯಾರ್ಥಿನಿಯ ಜೊತೆ ಕುಳಿತೆ. ಆದಾಯದ ಸರಾಸರಿ, ಸಾಲಿನ ನಟ್ಟನಡುವಿನ ಮನೆಯ ಆದಾಯವಾದ ಮಧ್ಯಾಂಕಕ್ಕಿಂತ ಬಹಳ ಮೇಲಿತ್ತು. ಕೆಲವೇ ದೊಡ್ಡ ಎಸ್ಟೇಟುಗಳು ಸರಾಸರಿಯನ್ನು ಗುಡ್ಡದ ಮೇಲಕ್ಕೆ ಎಳೆದೊಯ್ದಿದ್ದವು, ಜನರೆಲ್ಲ ಕೆಳಗಿನ ಕಣಿವೆಯಲ್ಲೇ ಇದ್ದರು. ಆದ್ದರಿಂದ ಮಧ್ಯಾಂಕವನ್ನೇ ಮುಂದಿಡಬೇಕೆಂದು ಹೇಳಿದೆ. ಅನಂತರ ಆದಾಯವನ್ನು ವಯಸ್ಸಿಗೂ ಕುಟುಂಬದ ಗಾತ್ರಕ್ಕೂ ಹೊಂದಿಸಿ ನೋಡಿದೆವು. ಎಲ್ಲಕ್ಕಿಂತ ಕೆಳಗಿನ ವರ್ಗದಲ್ಲಿ ಬಂದು ನಿಂತವರು ಒಬ್ಬಂಟಿ ವೃದ್ಧೆಯರು. ಬಹುಪಾಲು ಎಸ್ಟೇಟಿನ ಕೂಲಿಲೈನುಗಳ ಸಾಲುಮನೆಯವರು. ಅವರ ನಡುವೆ ಕಳಸದ ಒಂದು ಸಾಲು: ವಿಧವೆ, ಸ್ವಂತ ಆದಾಯವಿಲ್ಲ, ಬೇರೆ ಮನೆಯವರ ನೆರವು. ಹೆಸರಿರಲಿಲ್ಲ. ಹೆಸರಿನ ಅಗತ್ಯವೂ ಇರಲಿಲ್ಲ.

ವಿದ್ಯಾರ್ಥಿನಿ ನನ್ನ ಬೆರಳು ನಿಂತ ಕಡೆ ನೋಡಿ, “ಸರ್, ಇದೊಂದನ್ನ ನಿಮ್ಮನೆ ಜೊತೆ ಸೇರಿಸಿಬಿಡ್ಲಾ? ಒಟ್ಟು ಲೆಕ್ಕದಲ್ಲಿ ಏನೂ ವ್ಯತ್ಯಾಸ ಆಗಲ್ಲ” ಎಂದಳು.

ಆ ಲೈನುಗಳಲ್ಲಿಯೂ ಒಂದೇ ಗೋಡೆಯ ಆಚೆ ಮಗ, ಈಚೆ ತಾಯಿ. ಒಲೆ ಎರಡಿದ್ದುದರಿಂದ ಅವರನ್ನು ಬೇರೆಬೇರೆಯಾಗಿಯೇ ಎಣಿಸಿದ್ದೆವು. ಅವರಲ್ಲಿಯೂ ಯಾವಳೋ ಒಬ್ಬಳು ಮೆಟ್ಟಿಲವರೆಗೆ ಬಂದು ಹೀಗೆಯೇ ಬೇಡಿಕೊಂಡಿದ್ದರೆ, ಅವಳ ಪರವಾಗಿ ಈ ಕೋಣೆಯಲ್ಲಿ ಕುಳಿತವರು ಯಾರು?

“ಬೇಡಮ್ಮ. ಎಲ್ಲರಿಗೂ ಒಂದೇ ನಿಯಮ” ಎಂದೆ. ಅದು ತಪ್ಪೆಂದು ಇಂದಿಗೂ ನನಗೆ ತೋರುವುದಿಲ್ಲ. ಆದರೆ ಹಿಂದಿರುಗುವ ಬಸ್ಸಿನಲ್ಲಿ, ದಾರಿಯ ಎರಡೂ ಬದಿ ಹೂ ಬಿಟ್ಟ ಕಾಫಿಯ ಪರಿಮಳವನ್ನು ತಾಳಲಾರದೆ ಕಿಟಕಿ ಮುಚ್ಚಿಕೊಂಡೆ.

ಅಕ್ಕ ಜಪದ ಮಣೆಯಲ್ಲಿದ್ದಳು. “ಆಯ್ತೇನೋ?”

“ಇಲ್ಲ ಅಕ್ಕ. ನಿಯಮ ಹಾಗಿದೆ.”

ರುದ್ರಾಕ್ಷಿಯ ಮಣಿಯೊಂದನ್ನು ಹಿಡಿದ ಬೆರಳು ಹಾಗೆಯೇ ನಿಂತಿತು. “ಸರಿ ಬಿಡು. ನಿಯಮ ಅಂದ್ರೆ ನಿಯಮ. ನನ್ನ ಮಡಿನೂ ಹಾಗೇ ಅಲ್ವಾ” ಎಂದು ಹೇಳಿ ಮಣಿಯನ್ನು ಮುಂದಕ್ಕೆ ಸರಿಸಿದಳು.

ಮುಂದಿನ ಸೋಮವಾರ ಅವಳು ಸ್ನಾನ ಮಾಡಿದಳು, ಪೂಜೆ ಮಾಡಿದಳು. ಒಲೆಯನ್ನು ಮಾತ್ರ ಹೊತ್ತಿಸಲಿಲ್ಲ. ಮಧ್ಯಾಹ್ನ ನಾನು ಎಲೆಯ ಮುಂದೆ ಕುಳಿತಾಗ ಬಂದು, ನನ್ನ ಪಕ್ಕದಲ್ಲಿ ಕುಳಿತು, ನನ್ನ ಹೆಂಡತಿಗೆ, “ನಂಗೂ ಬಡಿಸೇ” ಎಂದಳು.

ಅವಳು ಸೌಟನ್ನು ಪಾತ್ರೆಗೇ ಇಳಿಸಿದಳು. “ಅತ್ತಿಗೆ, ನಿಮ್ಮ ಮಡಿ?”

“ದೇವ್ರಿಗೆ ತಪ್ಪುಕಾಣಿಕೆ ತೆಗೆದಿಟ್ಟಿದ್ದೀನಿ. ಬಡಿಸು, ಹಸಿವಾಗ್ತದೆ.”

ಅಕ್ಕನ ಜೊತೆ ಕುಳಿತು ಉಣ್ಣಬೇಕೆಂದು ಹುಡುಗನಾಗಿದ್ದಾಗ ಎಷ್ಟು ಹಟ ಮಾಡಿದ್ದೆನೋ. ಈಗ ಅನ್ನವನ್ನು ಸುಮ್ಮನೆ ಕಲಸುತ್ತ ಕುಳಿತೆ. ಅವಳು ಸಾರನ್ನವನ್ನು ಕಲಸಿ ಬಾಯಿಗಿಟ್ಟು, “ಉಪ್ಪು ಮುಂದಾಗಿದೆ. ಇಷ್ಟು ವರ್ಷ ಇದನ್ನೇ ಉಂಡ್ಯಾ, ಪಾಪ!” ಎಂದಳು. ನನ್ನ ಹೆಂಡತಿ ನಗುತ್ತಲೇ ಕಣ್ಣೊರೆಸಿಕೊಂಡಳು. ಎಲೆಯನ್ನು ಮಡಿಸುವಾಗ ಅಕ್ಕ, “ಈಗ ಆ ಹುಡುಗಿಗೆ ಹೇಳು, ಲೆಕ್ಕದಲ್ಲಿ ಸೇರಿಸ್ಕೊಳ್ಳಲಿ” ಎಂದಳು.

ವಿದ್ಯಾರ್ಥಿನಿ ಮನೆಗೆ ಬಂದಂದು ಇದ್ದ ಸ್ಥಿತಿಯೇ ಲೆಕ್ಕದ ಸ್ಥಿತಿ. ಆಮೇಲೆ ಹೊತ್ತಿದ ಒಲೆಯಾಗಲಿ ಆರಿದ ಒಲೆಯಾಗಲಿ ಅದರೊಳಗೆ ಬರುವಂತಿರಲಿಲ್ಲ. ಅದು ನನಗೆ ಗೊತ್ತಿತ್ತು. ಜೀವಮಾನದ ವ್ರತವನ್ನು ಕೊಟ್ಟು ಬಂದು ಕುಳಿತವಳಿಗೆ ಅದನ್ನು ಹೇಗೆ ಹೇಳಲಿ?

“ಬರ್ಕೊಂಡ್ಲೇನೋ?” ಎಂದು ಅವಳು ಕೆಲವು ದಿನಗಳ ಮೇಲೆ ಕೇಳಿದಳು.

“ಬರ್ಕೊಂಡ್ಲು ಅಕ್ಕ” ಎಂದೆ.

ಆ ಮಳೆಗಾಲದಲ್ಲಿಯೇ ಅಕ್ಕ ಶಿವಸಾಯುಜ್ಯವನ್ನು ಹೊಂದಿದಳು. ವರದಿ ಅನಂತರ ಬಂತು. ಒಬ್ಬಂಟಿಗಳ ಸಾಲಿನಲ್ಲಿ ಅವಳು ಹಾಗೆಯೇ ಇದ್ದಾಳೆ.

ಅವಳಿಗೆ ಮಕ್ಕಳಿಲ್ಲದ್ದರಿಂದ ಕರ್ಮ ನನ್ನ ಪಾಲಿಗೆ ಬಂದಿತ್ತು. ಪುರೋಹಿತರು, “ಅವರದು ಬೇರೆ ಮಡಿಯಲ್ವಾ? ಪಿಂಡದ ಅನ್ನ ಅವರ ಒಲೆಯಲ್ಲೇ ಆಗ್ಲಿ” ಎಂದರು. ಹೆಂಡತಿ ನನ್ನತ್ತ ನೋಡಿದಳು.

“ಬೇಡಿ. ನಮ್ಮ ಒಲೆಯಲ್ಲೇ ಆಗಲಿ” ಎಂದೆ.

ಹೆಂಡತಿ ಒಲೆಯನ್ನು ಶುದ್ಧಿಮಾಡಿ, ಅಕ್ಕನ ಹಿತ್ತಾಳೆಯ ಪಾತ್ರೆಯನ್ನು ತಂದು ಅದರ ಮೇಲಿಟ್ಟಳು. ಆ ಪಾತ್ರೆಯಲ್ಲಿ ಅನ್ನಕ್ಕೆ ಎಷ್ಟು ನೀರಿಡಬೇಕೆಂದು ಅವಳಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.