ಅಕ್ಕೋರ ಬಾಯಿಗೆ ಹಾಕಿದ ಸಕ್ಕರೆ

ಮಾವಿನಹಣ್ಣಿನ ಬುಟ್ಟಿಯ ಹುಲ್ಲು ಹಿತ್ತಿಲ ಬಕೀಟಿನಲ್ಲಿ ಬಿದ್ದು, ಮಳೆನೀರಿನಲ್ಲಿ ಕೊಳೆತಿತ್ತು. ಮೊನ್ನೆ ಚೆಲ್ಲಲು ಬಗ್ಗಿದಾಗ ನಾತ ಮೂಗಿಗೆ ಹೊಡೆಯಿತು. ಎಮ್ಮೆ ಕಟ್ಟಿ ಬಾಳಿದವಳು ನಾನು, ನಾತಕ್ಕೆ ಹೇಸುವವಳಲ್ಲ. ಆದರೂ ಬಕೀಟು ಬಿಟ್ಟು ಹಿಂದೆ ಸರಿದೆ. ಅದು ಅಕ್ಕೋರ ಮನೆಯ ನಾತ...

ಆಗ ನಾವು ವಿದ್ಯಾನಗರದ ಹಿಂದಿನ ಓಣಿಯಲ್ಲಿದ್ದೆವು. ಪಕ್ಕದ ಮನೆಯ ಅಕ್ಕೋರು ಮಿಷನ್ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ, ತಮ್ಮ ಅಕ್ಕನ ಜೊತೆ ಇದ್ದರು. ನಾನು ಕಲಿತದ್ದು ಮೂರನೆಯ ಇಯತ್ತೆ. ಅಕ್ಕೋರು ನಮ್ಮಿಂದ ಹಾಲು ಒಯ್ಯುವಾಗ ಎಮ್ಮೆಗೆ ಹಾಕುವ ಒಣ ಜೋಳದ ದಂಟು, ಕಣಿಕಿಯನ್ನೂ ಒಂದು ಹಿಡಿ ಒಯ್ದು, ಗಾಜಿನ ಭರಣಿಯ ನೀರಿನಲ್ಲಿ ಕೊಳೆಹಾಕುತ್ತಿದ್ದರು. ಆ ನೀರಿನಲ್ಲಿ ಹುಟ್ಟುವುದನ್ನು ಮಕ್ಕಳಿಗೆ ತೋರಿಸಬೇಕಂತೆ.

ಒಂದು ದಿನ, ಯಾವಾಗಿನಂತೆ ನನ್ನ ಊರಿನ ಹೆಸರು ಹಿಡಿದು, ನನ್ನನ್ನೂ ಕರೆದರು. “ಶಿರಗುಪ್ಪಿಯಾಕಿ, ಬಾರವ್ವಾ ಇಲ್ಲೆ. ನಿನ್ನ ಕಣಿಕಿಯಾಗ ಏನ್ ಹುಟ್ಟೈತಿ ನೋಡು.”

ದುರ್ಬೀನಿನಂಥ ಯಂತ್ರಕ್ಕೆ ಕಣ್ಣಿಟ್ಟೆ. ಚಪ್ಪಲಿಯ ಅಟ್ಟೆಯಂಥವು ಓಡಾಡುತ್ತಿದ್ದವು. ಹುಳವಲ್ಲ, ಒಂದೇ ಜೀವಕಣ, ಮೈಯೆಲ್ಲ ಅಷ್ಟೇ ಎಂದರು. ನೀರಿಗೆ ಚೂರು ಮಸಿ ಬೆರೆಸಿದ್ದರು. ಅದನ್ನು ನುಂಗಿ ಅವುಗಳ ಹೊಟ್ಟೆಯಲ್ಲಿ ಕರಿ ಚುಕ್ಕಿಗಳು ಎದ್ದಿದ್ದವು. ಆಮೇಲೆ ಯಂತ್ರದಡಿ ಇನ್ನೊಂದು ಗಾಜಿನ ಪಟ್ಟಿ ಇಟ್ಟರು. ಅದರಲ್ಲಿ ಚುಕ್ಕಿಗಳು ಇನ್ನೂ ಹೆಚ್ಚು, ಹೊಟ್ಟೆಬಾಕರ ಹಾಗೆ ನುಂಗಿದ್ದವು.

“ಇದಕ್ಕೇನ್ ಹಾಕೀರಿ, ಉಪ್ಪಿನಕಾಯೇನ್ರಿ?” ಎಂದೆ.

“ನನ್ನ ಸೂಜಿ ಔಷಧದ ಹನಿ. ಇನ್ಸುಲಿನ್. ಅದೊಂದು ಹಾರ್ಮೋನು. ಮೈಯಾಗ ಒಂದ್ ಕಡೆಯಿಂದ ಇನ್ನೊಂದ್ ಕಡೆ ಹೋಗೋ ಹೇಳಿಕಿ ಅನ್ನು. ಇದಕ್ಕ ಕಿವಿ ಇಲ್ಲ, ತಲಿ ಇಲ್ಲ, ಆದ್ರೂ ತಿಳೀತು ನೋಡು.”

ಅಕ್ಕೋರಿಗೆ ಸಕ್ಕರೆ ಕಾಯಿಲೆ. ದಿನಾ ಹೊಟ್ಟೆಗೆ ತಾವೇ ಚುಚ್ಚಿಕೊಳ್ಳುತ್ತಿದ್ದರು.

“ಮತ್ತ ನಿಮಗ್ಯಾಕ ಕಾಯಿಲೆ?”

“ನನ್ನ ಕಣಗಳು ಕಿವುಡಾಗ್ಯಾವವ್ವಾ. ರಕ್ತದಾಗ ಸಕ್ರಿ ತುಂಬಿದ್ರೂ ಒಳಗ ತಗೊಳ್ಳಂಗಿಲ್ಲ. ಸೂಜಿ ಹಾಕಿ ಚೀರಿ ಹೇಳಬೇಕು.”

“ಚೀರಿದ್ದು ಜಾಸ್ತಿ ಆದ್ರ?”

“ಇದ್ದ ಸಕ್ರಿ ಎಲ್ಲಾ ಎಳಕೊಂತಾವ. ರಕ್ತ ಬರಿದಾಗತೈತಿ. ಮೊದಲು ತಲಿ ಕೈಕೊಡತೈತಿ, ಆಮ್ಯಾಲೆ ಜೀವಾ.”

ಬಸ್ಸಿನ ವೇಳೆ ಹೇಳಿದಷ್ಟು ಸಲೀಸಾಗಿ ಹೇಳಿದರು. ನನ್ನ ಮೈಯೊಳಗೂ ಅಂಥ ಲೆಕ್ಕವಿಲ್ಲದ ಬಾಯಿಗಳು ಇವೆಯೆಂದರೆ... ಅಂದು ನನಗೆ ರೊಟ್ಟಿ ಇಳಿಯಲಿಲ್ಲ.

ಮುಂದೆ ಶುಭ ಶುಕ್ರವಾರ ಬಂತು. ಚರ್ಚಿನಲ್ಲಿ ಮಧ್ಯಾಹ್ನದ ಆರಾಧನೆ ಮುಗಿಯುವ ಮೊದಲೇ ಅಕ್ಕೋರನ್ನು ಅವರ ಅಕ್ಕ ರಿಕ್ಷಾದಲ್ಲಿ ಕರೆತಂದರು. ನಾನು ಓಡಿದೆ. ಅಕ್ಕೋರ ಬಿಳಿ ಸೀರೆ ಬೆವರಿನಲ್ಲಿ ತೊಯ್ದಿತ್ತು, ಕೈ ಗಡಗಡ ನಡುಗುತ್ತಿತ್ತು. ಕಣ್ಣು ನನ್ನ ಮೇಲೆಯೇ ಇತ್ತು, ಗುರುತು ಮಾತ್ರ ಇರಲಿಲ್ಲ. ತೊದಲುತ್ತ “ಸಕ್ರಿ... ಸಕ್ರಿ” ಎಂದರು. ಆ ಮನೆಯಲ್ಲಿ ಸಕ್ಕರೆಯೇ ಇಡುತ್ತಿರಲಿಲ್ಲ. ನಮ್ಮ ಮನೆಯಿಂದ ಹಿಡಿ ತುಂಬ ತಂದೆ. ಅಕ್ಕ ನನ್ನ ಮುಂಗೈ ಹಿಡಿದರು.

“ಸಕ್ರಿ ಕಾಯಿಲೆಯಾಕಿಗೆ ಸಕ್ರಿ ತಿನಸ್ತೀಯೇನ? ಕೊಲ್ಲಾಕ ಬಂದೀಯೇನ?”

“ಅವ್ರೇ ಕೇಳಾಕತ್ತಾರಲ್ರೀ.”

“ಆಕಿಗೆ ಈಗ ಎಚ್ಚರ ಎಲ್ಲೈತಿ? ಇನ್ನೊಂದು ಸೂಜಿ ಹಾಕೋಣ ತಡಿ.”

“ಮುಂಜಾನೆ ಹಾಕ್ಕೊಂಡಿಲ್ಲೇನ್ರಿ?”

“ಹಾಕ್ಕೊಂಡಾಳ. ದಿನಾ ಎದ್ದ ಕೂಡ್ಲೆ ಹಾಕ್ಕೊಂತಾಳ.”

“ಉಂಡಾರೇನು?”

“ಇವತ್ತ ಉಪವಾಸ. ಹೆಂಗ ಉಣ್ತಾಳ?”

ಆ ಕರಿ ಚುಕ್ಕಿಗಳು ಕಣ್ಣಮುಂದೆ ಬಂದವು. ಹೊರಗಿಂದ ಒಂದು ತುತ್ತಿಲ್ಲ, ಒಳಗೆ ಎಲ್ಲ ಬಾಯಿಗಳೂ ಎಳೆಯುತ್ತಿವೆ... ಆದರೆ ನಾನು ತಿಳಿದದ್ದು ತಪ್ಪಾಗಿದ್ದರೆ? ಓಣಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ವಿಷ ಹಾಕಿದವಳೆಂದು ಹೆಸರು ಕೆಡುವುದು ಹಾಗಿರಲಿ, ಅಕ್ಕೋರು ನನ್ನ ಕೈಯಲ್ಲೇ ಸತ್ತರೆ?

“ಸತ್ರ ನನ್ನ ಹೆಸರು ಹೇಳ್ರಿ, ಸರೀರಿ ಆ ಕಡೆ,” ಎಂದು ಅಕ್ಕನನ್ನು ದೂಡಿದೆ. ಸಕ್ಕರೆಯನ್ನು ತುಸು ನೀರಿನಲ್ಲಿ ಕಲಸಿ ಅಕ್ಕೋರ ಕೆನ್ನೆಯ ಒಳಬದಿಗೆ ತಿಕ್ಕಿದೆ. ಏನೂ ಆಗಲಿಲ್ಲ. ಮತ್ತೆ ತಿಕ್ಕಿದೆ. ಹೆರಿಗೆಯಲ್ಲೂ ನಾನು ಅಷ್ಟು ಹೆದರಿರಲಿಲ್ಲ. ಎಷ್ಟು ಹೊತ್ತಾಯಿತೋ... ಮೊದಲು ಕೈ ನಡುಗುವುದು ನಿಂತಿತು. ಸತ್ತರೆಂದೇ ತಿಳಿದೆ.

“ಯಾಕ ಅಳಾಕತ್ತೀ, ಶಿರಗುಪ್ಪಿಯಾಕಿ?” ಎಂದರು ಅಕ್ಕೋರು.

ನಾನೇನೂ ಅಳುತ್ತಿರಲಿಲ್ಲ. ಅದು ಬೆವರು.

ಅದಾದ ಮೇಲೆ ಬಹಳ ವರ್ಷ ಬದುಕಿದರು. ಕೊನೆಗೆ ಕಿಡ್ನಿ ಹೋಗಿ ಸತ್ತರು. ಮಣ್ಣಿಗೆ ಹೋಗಿ ಬಂದೆ, ಮನೆಗೆ ಬಂದು ಎಮ್ಮೆ ಹಿಂಡಿದೆ. ಅವರಿಲ್ಲದ್ದು ಆಗ ಅಷ್ಟು ತಿಳಿಯಲಿಲ್ಲ. ಈಗ ತಿಳಿಯುತ್ತದೆ, ನನಗೂ ಅದೇ ಸೂಜಿ ಶುರುವಾದ ಮೇಲೆ. ಶ್ರಾವಣ ಸೋಮವಾರದ ಉಪವಾಸ ಬಿಟ್ಟಿದ್ದೇನೆ, ಅಂದುಕೊಳ್ಳುವವರು ಅಂದುಕೊಳ್ಳಲಿ. ಕೇಳಬೇಕಾದದ್ದು ಎಷ್ಟೋ ಇದೆ, ಕೇಳೋಣವೆಂದರೆ ಅಕ್ಕೋರಿಲ್ಲ. ಅವರ ಹಾಗೆ ತೋರಿಸಿ ಹೇಳಲು ನನಗೆ ಬರುವುದಿಲ್ಲ.

ನಿನ್ನೆ ಸೊಸೆಯನ್ನು ಕೂಡಿಸಿಕೊಂಡು ಹೇಳಿದೆ. “ನಾ ಬೆವತು ತೊದಲಾಕತ್ತಿದ್ರ ಬಾಯಾಗ ಸಕ್ರಿ ಹಾಕವ್ವಾ.”

“ಸಕ್ರಿ ಕಾಯಿಲೆಗೆ ಸಕ್ರೀನ? ಏನರ ಹೇಳ್ತೀರಿ ಬಿಡ್ರಿ ಅತ್ತೀ,” ಎಂದಳು.

ಕೆಟ್ಟವಳಲ್ಲ, ನನ್ನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾಳೆ. ಆದರೆ ಹಾಗೆಂದು ನಕ್ಕಳು...