ಎರಡು ಚಮಚ ಮೊಸರು-ಸಕ್ಕರೆ

ನಾನು ಮೊದಲಿನಿಂದಲೂ ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೂ ಕೃಷ್ಣ ಕೃಷ್ಣ ಅಂತ ನೆಲ ಕುಟ್ಟುವವಳು. ಅರವತ್ತರ ದಶಕದ ಒಂದು ಸಂಕ್ರಾಂತಿಯ ಮರುದಿನ ಈ ಪುಕ್ಕಲುತನವೇ ನನ್ನ ಮಗಳನ್ನು ಕೊಲ್ಲುವುದರಲ್ಲಿತ್ತು.

ಹಿಂದಿನ ಸಂಜೆ ಜಯನಗರದ ನಮ್ಮ ಮನೆಯಲ್ಲಿ ಮೂರು ವರ್ಷದ ಮಗಳನ್ನು ಮಣೆಯ ಮೇಲೆ ಕೂರಿಸಿ, ತಲೆಯ ಮೇಲೆ ಎಲಚಿಹಣ್ಣು, ಕಬ್ಬಿನ ಚೂರು, ಕಾಸು ಸುರಿದಿದ್ದೆವು. ಅವಳ ಬಾಯಿ ತುಂಬ ಎಳ್ಳು-ಬೆಲ್ಲ. ಹಣ್ಣು ಉದುರುತ್ತಿದ್ದ ಹಾಗೆ ಕಿಲಕಿಲ ನಕ್ಕಳು, ನಗುತ್ತಲೇ ಕೆಮ್ಮಿದಳು. ಬೆಳಗಾಗುವ ಹೊತ್ತಿಗೆ ಎದೆಯಲ್ಲಿ ಸಿಳ್ಳೆಯಂಥ ಸದ್ದು. ನಮ್ಮ ಬೀದಿಯ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, "ಕಡಲೆಬೀಜ ಉಸಿರಿನ ಕೊಳವೆಗೆ ಹೋಗಿರ್ಬೇಕು. ದೊಡ್ಡಾಸ್ಪತ್ರೆಗೆ ಈಗ್ಲೇ ಹೊರಡಿ" ಅಂದರು. ಜಟಕಾ ಬಂತು. ಹೊಸಿಲು ದಾಟುವ ಮುಂಚೆ, ಒಳ್ಳೆಯದಾಗಲಿ ಅಂತ ಮಗುವಿನ ಬಾಯಿಗೆ ಎರಡು ಚಮಚ ಮೊಸರು-ಸಕ್ಕರೆ ಹಾಕಿದೆ. ಅತ್ತೆಯೂ ಜೊತೆಗೆ ಹೊರಟರು.

ದೊಡ್ಡಾಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು ಚಿಕ್ಕ ವಯಸ್ಸಿನವರು, ನಿಧಾನಸ್ಥರು. "ನೋಡೀಮ್ಮ, ಮಾಸ್ಕ್ ಇಟ್ಟು ಈಥರ್ ಕೊಡಬಹುದು. ಆದ್ರೆ ಬೀಜ ತೆಗಿಯೋಕೆ ಬಾಯಿಂದ ಕೊಳವೆ ಇಳಿಸ್ಬೇಕಲ್ಲ, ಆಗ ಮಾಸ್ಕ್ ತೆಗೀಲೇಬೇಕು. ಮಧ್ಯೆ ಎಚ್ಚರ ಆಗಿ ಕೆಮ್ಮಿದ್ರೆ ಕಷ್ಟ. ಅದಕ್ಕೇ ನರಕ್ಕೆ ಇಂಜೆಕ್ಷನ್ ಕೊಡೋಣ ಅಂತಿದೀನಿ. ಬೆಳಿಗ್ಗೆಯಿಂದ ಏನಾದ್ರೂ ತಿಂದಿದಾಳಾ?"

ನನಗೆ ಎಂಟು ವರ್ಷವಿದ್ದಾಗ ಟಾನ್ಸಿಲ್ ತೆಗೆಯಲು ನಾಲ್ಕು ಜನ ಅದುಮಿ ಹಿಡಿದು ಮುಖಕ್ಕೆ ಈಥರ್ ಒತ್ತಿದ್ದರು. ಉಸಿರು ಕಟ್ಟಿಸಿದ ಆ ವಾಸನೆ ಆಗಲೂ ಕನಸಿಗೆ ಬರುತ್ತಿತ್ತು. ತಿಂದಿದ್ದಾಳೆ ಅಂದರೆ ಇಂಜೆಕ್ಷನ್ ಬಿಟ್ಟು ಮಾಸ್ಕ್ ಇಟ್ಟುಬಿಡುತ್ತಾರೇನೋ ಅನ್ನಿಸಿತು.

"ಇಲ್ಲ" ಅಂದೆ.

ಅವರು ಮಗುವಿನ ಗೆಜ್ಜೆ ಬಿಚ್ಚಿ, ಪಾದಕ್ಕೆ ಸ್ಪಿರಿಟ್ ಒರೆಸಿ ನರ ಹುಡುಕಿದರು. "ಕಾಲು ಗಟ್ಟಿಯಾಗಿ ಹಿಡ್ಕೊಳ್ಳಿ. ಸದ್ಯ, ಹೊಟ್ಟೆ ಖಾಲಿ ಇದೆ. ಇಲ್ದಿದ್ರೆ ಮಂಪರಲ್ಲಿ ವಾಂತಿಯಾಗಿ ಅದೂ ಉಸಿರಿನ ಕೊಳವೆಗೇ ಹೋಗುತ್ತೆ. ಆಮೇಲೆ ಮಗು ಉಳಿಯೋದು ಕಷ್ಟ."

ಸೂಜಿ ಇನ್ನೇನು ತಾಗಬೇಕು.

"ತಿಂದಿದಾಳೆ! ಮೊಸರು ಕೊಟ್ಟಿದೀನಿ!" ಅಂತ ಕಿರುಚಿದೆ. ಬಾಗಿಲಾಚೆ ಇದ್ದ ಅತ್ತೆಗೂ ಕೇಳಿಸಿತು.

ಡಾಕ್ಟರು ಬೈಯಲಿಲ್ಲ. ಸೂಜಿಯನ್ನು ತಟ್ಟೆಯಲ್ಲಿಟ್ಟರು. "ಈಗ ಇಂಜೆಕ್ಷನ್ನೂ ಬೇಡ, ಮಾಸ್ಕೂ ಬೇಡ. ಉಸಿರಾಟ ಹೀಗೇ ಇದ್ರೆ ನಾಲ್ಕು ಗಂಟೆ ಕಾಯೋಣ. ಕೆಟ್ರೆ ಕಾಯೋಕಾಗಲ್ಲ."

ನಾಲ್ಕು ಗಂಟೆಯೂ ಅವಳು ನನ್ನ ಹೆಗಲ ಮೇಲಿದ್ದಳು. ಸಿಳ್ಳೆ ಕಿವಿಗೆ ಬೀಳುತ್ತಿದ್ದರೆ ಭಯ, ಬೀಳದಿದ್ದರೆ ಇನ್ನೂ ಭಯ. ಮನೆದೇವರಿಂದ ಹಿಡಿದು ಬೀದಿ ಕೊನೆಯ ಗಣಪನವರೆಗೆ ಎಲ್ಲರಿಗೂ ಹರಕೆ ಹೊತ್ತೆ. ಮಧ್ಯಾಹ್ನ ಇಂಜೆಕ್ಷನ್ ಕೊಟ್ಟರು. ಆಮೇಲೆ ಡಾಕ್ಟರು ಹತ್ತಿಯ ಮೇಲೆ ಅರ್ಧ ಕಡಲೆಬೀಜ ತಂದು ತೋರಿಸಿದಾಗ ನೆಲದ ಮೇಲೇ ಕೂತು ಅತ್ತುಬಿಟ್ಟೆ.

ಮಗಳಿಗೆ ಇದೊಂದೂ ನೆನಪಿಲ್ಲ, ಅತ್ತೆ ಹೇಳಿದ್ದಷ್ಟೇ ಗೊತ್ತು. ಸಂಕ್ರಾಂತಿ ಬಂದರೆ ತನ್ನ ಮಕ್ಕಳಿಗೆ, "ನಿಮ್ಮಜ್ಜಿ ಕೂಗಿದ್ದಕ್ಕೇ ನಾನು ಉಳ್ಕೊಂಡಿದ್ದು" ಅನ್ನುತ್ತಾಳೆ. ಕೂಗುವ ಮುಂಚೆ ನಾನು ಇಲ್ಲ ಅಂದಿದ್ದನ್ನು ಹೇಳಿಬಿಡಬೇಕು ಅಂತ ಪ್ರತಿ ಸಲ ಬಾಯಿ ತೆರೆಯುತ್ತೇನೆ. ಹೆದರಿ, ಎಳ್ಳಿನ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತೇನೆ.