ಚೆಲ್ಲಿಹೋದ ಪದರ

ಅಕ್ಕನಿಗೆ ಪಿಎಚ್‌.ಡಿ. ಬಂದು ಎರಡು ವರ್ಷವಾದರೂ ಬೀದಿಯವರು ಜ್ವರದ ಮಾತ್ರೆ ಕೇಳಲು ಬರುವುದು ನಿಂತಿಲ್ಲ. ತಾನು ಆ ಡಾಕ್ಟರಲ್ಲ, ರಸಾಯನಶಾಸ್ತ್ರದ ಡಾಕ್ಟರು ಎಂದು ಹೇಳಿ ಹೇಳಿ ಸಾಕಾಗಿ ಸುಮ್ಮನಾಗಿದ್ದಾಳೆ. ಗೋಡೆಗೆ ಬಣ್ಣ ಬಳಿಯುವವನ ಮಗಳು. ಓದಿದ ಲ್ಯಾಬಿನಲ್ಲೇ ಈಗ ಪೋಸ್ಟ್‌ಡಾಕ್ ಸಂಶೋಧಕಿ. ಅದು ಸಾಲದೆಂದು ಪ್ರೊಫೆಸರರ ಬೆನ್ನು ಬಿದ್ದು ಇನ್ನೊಂದು ಕೆಲಸವನ್ನೂ ಮೈಮೇಲೆ ಎಳೆದುಕೊಂಡಿದ್ದಳು. ಮನೆಯಲ್ಲಿ ಬೇರಾರೂ ಕಾಲೇಜಿನ ಮೆಟ್ಟಿಲು ಹತ್ತದ ಮೂವರು ಡಿಗ್ರಿ ಹುಡುಗಿಯರನ್ನು ಪ್ರತಿವರ್ಷ ಲ್ಯಾಬಿಗೆ ತಂದು ಪಳಗಿಸುವುದು. ಒಂದು ಎಡವಟ್ಟಾದರೂ ಇದಕ್ಕೆ ಮಂಗಳ ಹಾಡುವುದಾಗಿ ಪ್ರೊಫೆಸರು ಮೊದಲೇ ಹೇಳಿದ್ದರು. ಹುಡುಗಿಯರಿಗೆ ಅಕ್ಕ ಹಾಕಿದ ನಿಯಮವೂ ಒಂದೇ: ತಪ್ಪಾದರೆ ಊಟಕ್ಕೆ ಮುಂಚೆ ಹೇಳಬೇಕು.

ಎಡವಟ್ಟು ಆಗಿಯೇ ಹೋಯಿತು. ಬಸ್ ಕಂಡಕ್ಟರನ ಮಗಳು ಮೂರು ವಾರ ಬೆವರು ಸುರಿಸಿ ಮಾಡಿದ ಪದಾರ್ಥವನ್ನು ದ್ರಾವಕದಲ್ಲಿ ಕರಗಿಸಿ, ನೀರು ಬೆರೆಸಿ ಕುಲುಕಿ, ಎರಡು ಪದರವಾಗಲು ಬಿಟ್ಟಳು. ಎಣ್ಣೆ ನೀರಿನ ಮೇಲೆ ತೇಲುವುದನ್ನು ಅಡುಗೆಮನೆಯಲ್ಲಿ ಕಂಡವಳು. ದ್ರಾವಕವೂ ಮೇಲೆಯೇ ಇರುತ್ತದೆಂದು ನಂಬಿ, ಕೆಳಗಿನದನ್ನು ಎಲ್ಲರ ತ್ಯಾಜ್ಯವೂ ಸೇರುವ ಕ್ಯಾನಿಗೆ ಸುರಿದಳು. ಈ ದ್ರಾವಕವೋ ನೀರಿಗಿಂತ ಭಾರ. ಅವಳ ಕೈಯಲ್ಲಿ ಉಳಿದದ್ದು ಬರೀ ನೀರು.

ಅದು ಅಕ್ಕನಿಗೆ ಗೊತ್ತಾದ ಹೊತ್ತಿಗೇ ಪ್ರೊಫೆಸರು ಬಂದು ಪದಾರ್ಥ ಎಲ್ಲಿ ಎಂದರು. ಹುಡುಗಿಯನ್ನು ಉಳಿಸಲು, ರಿಯಾಕ್ಷನ್ನೇ ಕೈಕೊಟ್ಟಿತು ಎನ್ನಲು ಅಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಹುಡುಗಿಯೇ ಮುಂದೆ ಬಂದಳು.

“ನಾನೇ ಚೆಲ್ಬಿಟ್ಟೆ ಸರ್. ಎಣ್ಣೆ ಥರ ಮೇಲಿರುತ್ತೆ ಅಂದ್ಕೊಂಡೆ. ಊಟಕ್ಕೆ ಮುಂಚೆ ಹೇಳ್ಬೇಕು ಅಂತ ಅಕ್ಕ ಹೇಳಿದ್ದಾರೆ.”

ಅಕ್ಕನಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಹತ್ತು ವರ್ಷದ ಹಿಂದೆ ಇದೇ ಮೇಜಿನ ಮುಂದೆ ಅವಳೂ ಇದನ್ನೇ ಮಾಡಿದ್ದಳು. ಬಣ್ಣದವನ ಮಗಳಿಗೆ ಇದೆಲ್ಲ ಯಾಕೆ ಎಂದುಬಿಟ್ಟಾರು ಎಂಬ ಭಯಕ್ಕೆ, ರಿಯಾಕ್ಷನ್ ಆಗಲಿಲ್ಲವೆಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದಳು. ಅದನ್ನು ನಂಬಿ ಪ್ರೊಫೆಸರು ಆ ಇಡೀ ಪ್ರಯೋಗವನ್ನೇ ಕೈಬಿಟ್ಟಿದ್ದರು. ಹುಡುಗಿಯ ಎದುರು ನಿಂತು ಇನ್ನು ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಅವಳಿಗೆ ಆಗಲಿಲ್ಲ.

“ಸರ್, ಹತ್ತು ವರ್ಷದ ಹಿಂದೆ ನೀವು ಒಂದು ಪ್ರಯೋಗ ಬಿಟ್ರಲ್ಲ, ಅದರಲ್ಲಿ ಏನೂ ತಪ್ಪಿರಲಿಲ್ಲ. ನಾನೂ ಹೀಗೇ ಕೆಳಗಿನ ಪದರ ಚೆಲ್ಲಿದ್ದೆ. ಹೇಳೋಕೆ ಧೈರ್ಯ ಬರ್ಲಿಲ್ಲ.”

ಪ್ರೊಫೆಸರು ತಿರುಗಿ ತಮ್ಮ ಕೋಣೆಗೆ ಹೋದರು. ಹುಡುಗಿಯರ ಜೊತೆಗೆ ತನಗೂ ಗೇಟ್‌ಪಾಸ್ ಎಂದು ಅಕ್ಕ ಲೆಕ್ಕ ಹಾಕಿದಳು. ಆದರೂ ಎದೆ ಹಗುರವಾಗಿತ್ತು. ಹತ್ತು ನಿಮಿಷಕ್ಕೆ ಅವರು ಧೂಳು ಹಿಡಿದ ಆ ನೋಟ್‌ಬುಕ್ಕನ್ನು ತಂದು ಹುಡುಗಿಯ ಮುಂದಿಟ್ಟರು.

“ಸೋಮವಾರದಿಂದ ಈ ಪ್ರಯೋಗ ನೀನು ಮಾಡಮ್ಮ. ನಿಮ್ಮಕ್ಕನ ಮೇಲೂ ಒಂದು ಕಣ್ಣಿಟ್ಟಿರು.”